ಮಂಗಳವಿಲ್ಲದ ಆಟ

ಪ್ರೀತಿಯ ಅಪ್ಪಿಗೆ, ಶಿರಸಿಯಿಂದ ಅಜ್ಜನ ಆಶೀರ್ವಾದಗಳು.

ಮೊನ್ನೆ ನಿನ್ನ ಆಯಿ ಫೋನ್ ಮಾಡಿದ್ದಳು. ಮೊಬೈಲ್ ಕಸಿದಿಟ್ಟಿದ್ದಕ್ಕೆ ಎರಡು ಹೊತ್ತು ಊಟ ಬಿಟ್ಟೆಯಂತೆ. ರಾತ್ರಿ ಎರಡರ ತನಕ ಹೊದಿಕೆಯೊಳಗೆ ಆಟ, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಕೆ. ನಾನು ಬುದ್ಧಿ ಹೇಳಬೇಕಂತೆ. ಅದಕ್ಕೂ ಮೊದಲು ನನ್ನದೊಂದು ಕಥೆ ಕೇಳು. ನಿನ್ನ ಅಮ್ಮಮ್ಮನಿಗೆ ಬಿಟ್ಟು ಯಾರಿಗೂ ಇದು ಗೊತ್ತಿಲ್ಲ.

ಮನೆಗೆ ವೈಫೈ ಬಂತಲ್ಲ. ಮುಂಚೆ ಅಂಗಳದಾಚೆ ಹಲಸಿನ ಮರದ ಬುಡದಲ್ಲಿ ಮಾತ್ರ ಸಿಗ್ನಲ್. ಕೊರೋನಾ ವರ್ಷ ನೀನು ಅಲ್ಲೇ ಕೊಡೆ ಹಿಡಿದು ಕೂತು ಕ್ಲಾಸ್ ಕೇಳಿದ್ದು ನೆನಪಿದೆಯಾ? ಈಗ ಹಾಸಿಗೆಯಲ್ಲೇ ಎಲ್ಲ ಸಿಗುತ್ತದೆ. ಒಂದು ರಾತ್ರಿ ಒಂಬತ್ತೂವರೆಗೆ, ಯಕ್ಷಗಾನದ ಭಾಗವತರ ಒಂದೇ ಒಂದು ಹಾಡು, ನಾವು ಪದ ಅನ್ನುವುದು, ಕೇಳಿ ಮಲಗೋಣ ಅಂತ ನೀನು ಕಲಿಸಿದ ಹಾಗೇ ಒತ್ತಿದೆ. ಪದ ಮುಗಿಯಿತು. ಬೆರಳು ಸರಿಸಿದರೆ ಆನೆಯ ಸ್ನಾನ. ಆಮೇಲೆ ಯಾರೋ ಕೆಸರು ಹಿಡಿದ ಜಮಖಾನ ತೊಳೆಯುತ್ತಿದ್ದರು. ಅದರ ನಿಜವಾದ ಬಣ್ಣ ಯಾವುದಿರಬಹುದು ಅಂತ ನಾನು ಕಾದು ಕೂತೆ, ಅಪ್ಪಿ! ಅಮ್ಮಮ್ಮ ಎದ್ದು ಬಂದು "ಮೈ ಹುಷಾರಿಲ್ವಾ?" ಎಂದಾಗ ಗಡಿಯಾರದಲ್ಲಿ ಒಂದೂಕಾಲು. ಎಪ್ಪತ್ತು ದಾಟಿದವನ ಗತಿಯೇ ಇದಾದರೆ, ಹದಿನಾಲ್ಕರ ಹುಡುಗನಿಗೆ ಬೈಯಲು ನನಗೆ ಬಾಯಿಲ್ಲ.

ಆಮೇಲೆ ಯೋಚಿಸಿದೆ. ಯಕ್ಷಗಾನಕ್ಕೂ ನಾವು ಆಟ ಅಂತಲೇ ಹೇಳುವುದು. ರಾತ್ರಿಯಿಡೀ ಕೂತು ನೋಡಿದ್ದೇವೆ. ಆದರೆ ಬೆಳಗಾಗುವಾಗ ಭಾಗವತರು ಮಂಗಳ ಹಾಡುತ್ತಿದ್ದರು, ನಾವು ಚಾಪೆ ಸುತ್ತಿ ಹೊರಡುತ್ತಿದ್ದೆವು. ಅಡಿಕೆ ಸುಲಿಯಲು ಕೂತರೂ ಅಷ್ಟೇ. ರಾಶಿ ಮುಗಿದರೆ ಮೆಟ್ಟುಗತ್ತಿ ಬಿಟ್ಟು ಏಳಲೇಬೇಕು. ಮೊಬೈಲಿನಲ್ಲಿ ಮಂಗಳ ಹಾಡುವವರಿಲ್ಲ. ಅದು ತಾನಾಗಿ ಹಾಗಾದದ್ದೂ ಅಲ್ಲ. ಪುಟದ ತುದಿಯೇ ಬಾರದಂತೆ ಕೆಳಗಿನಿಂದ ಹೊಸದು ಬರುತ್ತಲೇ ಇರುವ ಉಪಾಯವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದವನು ಕಂಡುಹಿಡಿದ. ಈಗ ಅವನೇ ಅದಕ್ಕೆ ಪಶ್ಚಾತ್ತಾಪ ಪಡುತ್ತಾನೆ. ಹಾಗಾಗಿ ನೀನೊಬ್ಬನೇ ಮೊಂಡ ಅಂದರೆ ನಾನು ಒಪ್ಪುವುದಿಲ್ಲ. ಆದರೆ ಮಂಗಳ ಮಾತ್ರ ನೀನೇ ಹಾಡಬೇಕು.

ಶುರು ಮಾಡುವ ಮೊದಲೇ ಕೊನೆ ಗೊತ್ತು ಮಾಡಿಕೊ. ಎರಡು ಮ್ಯಾಚ್ ಅಂದರೆ ಎರಡೇ. ಸೋತರೆ ಮೂರನೆಯದು ಬೇಕನಿಸುತ್ತದೆ, ಅಲ್ವಾ? ಒಂದು ಸಲ ಸೋತೇ ಎದ್ದು ನೋಡು.

ರಾತ್ರಿ ಮೊಬೈಲ್ ಅಡುಗೆಮನೆಯ ಕಪಾಟಿನಲ್ಲಿರಲಿ. ಕವಳ, ಅಂದರೆ ಎಲೆ-ಅಡಿಕೆ ಜಗಿಯುವುದನ್ನು, ಬಿಡುವಾಗ ನಾನು ಅದರ ಬಟ್ಟಲನ್ನು ಎದುರಿಗೇ ಇಟ್ಟುಕೊಂಡು ಶೂರತನ ತೋರಿಸಲು ಹೋಗಿ ಮೂರು ಸಲ ಸೋತೆ. ಕಡೆಗೆ ಅದನ್ನು ಅಟ್ಟಕ್ಕೆ ಹಾಕಿದೆ. ಆಮೇಲೂ ಹತ್ತು ದಿನ, ಮಾತಾಡುತ್ತಿರುವಾಗ ಬಲಗೈ ತಾನಾಗಿ ಆ ಜಾಗಕ್ಕೆ ಹೋಗಿ ಬರೀ ನೆಲ ಸವರಿ ಬರುತ್ತಿತ್ತು. ಸುಮ್ನೆ ಎಲ್ಲರ ಮೇಲೂ ಸಿಟ್ಟು. ನಿನಗೂ ಮೊದಲ ವಾರ ಹಾಗಾದೀತು, ಆಯಿಗೆ ಹೇಳಿಟ್ಟಿದ್ದೇನೆ. ನಿನ್ನ ಅಪ್ಪನ ಮೊಬೈಲೂ ಅದೇ ಕಪಾಟಿಗೆ. ಊಟಕ್ಕೆ ಕೂತು ವಾಟ್ಸಾಪ್ ನೋಡುತ್ತಾನಂತೆ ಮಹಾರಾಯ. ಹೂಂ ಅಂದಿದ್ದಾನೆ, ನೋಡೋಣ.

ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ದಿನವೂ ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಂಜಾಗುವ ದೋಷವೂ ಕಡಿಮೆ. ಕಾರವಾರದಲ್ಲಿದ್ದೀಯ, ಜಾಗಕ್ಕೇನು ಬರ? ಸಂಜೆ ಕೋಡಿಬಾಗದ ಕಡೆ ಸೈಕಲ್ ಹೊಡೆ, ಕಾಳಿ ನದಿ ಸಮುದ್ರ ಸೇರುವುದನ್ನು ನೋಡಿಕೊಂಡು ಬಾ.

ಇನ್ನೊಂದು ಮಾತು. ಬಿಡಬೇಕೆಂದರೂ ಬಿಡಲಾಗದೆ, ಓದು, ಗೆಳೆಯರು ಎಲ್ಲ ಬೇಡವಾದರೆ ಅದು ಹಟವಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಾಗಿಯೇ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ನಿನ್ನದು ಅಲ್ಲಿಯವರೆಗೆ ಹೋಗಿಲ್ಲ ಅಂತ ನನ್ನ ಅಂದಾಜು. ಹೋಗಿದ್ದರೆ ಆಯಿಗೆ ಹೇಳು, ಸಂಕೋಚವಾದರೆ ನನಗೆ ಹೇಳು.

ದೀಪಾವಳಿ ಕಳೆದ ಮೇಲೆ ಅಡಿಕೆ ಗೊನೆಯ ಕೊಯ್ಲು, ಅದೇ ಕೊನೆ ಕೊಯ್ಲು. ಬರುತ್ತೀಯಲ್ಲ? ಕೊನೆ ಕೊಯ್ಯುವ ಕೊನೆಗೌಡ ಮರದ ಮೇಲಿರುವಾಗ ಕೆಳಗೆ ಹಗ್ಗ ಹಿಡಿಯಲು ಒಬ್ಬ ಬೇಕು, ಎರಡೂ ಕೈ ಖಾಲಿ ಇರುವವನು. ಆ ಆಟದಲ್ಲಿ ನೀನು ಎಷ್ಟನೇ ಲೆವೆಲ್ ತಲುಪಿದೆ ಅಂತಲೂ ಬರೆ. ವಾಟ್ಸಾಪಿನಲ್ಲಾದರೂ ಸರಿ, ನಾನು ಬೆಳಿಗ್ಗೆ ನೋಡುತ್ತೇನೆ.

ನಿನ್ನ ಅಜ್ಜ