ಮರಿ ಮೀನಿಗೂ ಬಲೆ ಹಾಕಬೇಕೆ?

ಮಾನ್ಯರೇ,

ಯಾದಗಿರಿ ಸಂತೆಯಲ್ಲಿ ಮೊನ್ನೆ ಕಂಡದ್ದು ಬುಟ್ಟಿ ತುಂಬ ಬೆರಳುದ್ದದ ಮರಿ ಮೀನು, ಪಕ್ಕದಲ್ಲೇ ಹೊಟ್ಟೆ ತುಂಬ ತತ್ತಿ ಹೊತ್ತ ಮೀನು. ನೋಡಿ ಕರುಳು ಚುರುಕ್ ಅಂದಿತು. ಚಿಕ್ಕವನಿದ್ದಾಗ ಭೀಮೆಯಿಂದ ಅಪ್ಪ ತರುತ್ತಿದ್ದ ಬಾಳೆ ಮೀನು ಈಗ ಅಪರೂಪ.

ಕಾಟ್ಲಾ, ರೋಹು ಮುಂತಾದವು ತತ್ತಿ ಇಡುವುದು ಮಳೆಗಾಲದಲ್ಲಿ, ಹರಿಯುವ ಹೊಸ ನೀರಿನಲ್ಲಿ. ಅದೇ ಹೊತ್ತಿಗೆ ಸೊಳ್ಳೆ ಪರದೆಯಂಥ ಬಲೆ ಹಾಕಿದರೆ ಮುಂದಿನ ಸಂತತಿಯೇ ಇರುವುದಿಲ್ಲ. ಅಣೆಕಟ್ಟು, ಬ್ಯಾರೇಜುಗಳು ಮೀನಿನ ಏರುದಾರಿ ಮೊದಲೇ ಮುಚ್ಚಿವೆ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಆ ದಿನಗಳಲ್ಲೂ ಭೀಮೆಯಲ್ಲಿ ಬಲೆ ಬೀಳುವುದನ್ನು ನಾನೇ ಕಂಡಿದ್ದೇನೆ.

ದೂರು ಬಡ ಮೀನುಗಾರರ ಮೇಲಲ್ಲ. ಮೀನು ಮುಗಿದರೆ ಮೊದಲು ಉಪವಾಸ ಬೀಳುವವರು ಅವರೇ. ಮೀನು ಹಿಡಿಯುವ ಗುತ್ತಿಗೆಗೆ ಕಟ್ಟಿದ ದುಡ್ಡು ಬೇಗ ವಾಪಸ್ ಬರಬೇಕೆಂಬ ಆತುರವೇ ನದಿಯನ್ನು ಬರಿದು ಮಾಡುತ್ತಿದೆ. ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೇ ಇದೆ. ಬಲೆಯ ಕಣ್ಣಿನ ಅಳತೆಯನ್ನು ಅಧಿಕಾರಿಗಳು ದಡಕ್ಕೇ ಬಂದು ಪರಿಶೀಲಿಸಲಿ. ತತ್ತಿಯ ಕಾಲದಲ್ಲಿ ಬಲೆ ನಿಲ್ಲಿಸಿ, ಆ ತಿಂಗಳುಗಳಿಗೆ ಮೀನುಗಾರ ಕುಟುಂಬಗಳಿಗೆ ಪರಿಹಾರ ಕೊಡಲಿ.

— ಭೀಮಾ ತೀರದ ಓದುಗ, ಯಾದಗಿರಿ