ಮಗಳಿಗೊಂದು ಪತ್ರ: ಟರ್ಕಿ ಹುಂಜ ಸಿಕ್ಕಿದ್ದು ಅದೃಷ್ಟದಿಂದಲ್ಲ

ಪುಟ್ಟೀ,

ಮಿಸೌರಿಯ ಕಾಡಿನಲ್ಲಿ ನೀನು ಬೇಟೆಯಾಡಿದ ಕಾಡು ಟರ್ಕಿ ಹುಂಜದ ಫೋಟೋ ನೋಡಿದೆ. ಎದೆಯಿಂದ ಜೋತುಬಿದ್ದ ಕೂದಲಿನಂಥ ಗಡ್ಡ ಹತ್ತು ಇಂಚು, ಕಾಲಿನ ಮುಳ್ಳು ಒಂದು ಇಂಚಿಗೆ ತುಸು ಮೇಲೆ, ಬಿಚ್ಚಿದ ಬಾಲದ ಗರಿಗಳೆಲ್ಲ ಒಂದೇ ಮಟ್ಟ. ಅಂದರೆ ಮೂರು ವರ್ಷದ್ದು, ಇನ್ನೂ ಹೆಚ್ಚೂ ಇರಬಹುದು. ಒಂದು ವರ್ಷದ ಮರಿಹುಂಜದ ಮುಳ್ಳು ಅರ್ಧ ಇಂಚೂ ಇರುವುದಿಲ್ಲ, ತುದಿ ಮೊಂಡು. ಅದು ಬಾಲ ಬಿಚ್ಚಿದರೆ ನಡುವಿನ ಕೆಲವು ಗರಿ ಉಳಿದವುಗಳಿಗಿಂತ ಎತ್ತರಕ್ಕೆ ನಿಲ್ಲುತ್ತವೆ. ಎರಡು ವರ್ಷದ್ದಾದರೆ ಮುಳ್ಳು ಅರ್ಧದಿಂದ ಒಂದು ಇಂಚಿನವರೆಗೆ. ಗಡ್ಡ ನೋಡಿ ವಯಸ್ಸು ಹೇಳಲು ಹೋಗಬೇಡ. ಬೆಳೆದಂತೆಲ್ಲ ಅದು ನೆಲಕ್ಕೆ ಉಜ್ಜಿ ಸವೆಯುತ್ತದೆ, ಹಿಮ ಹೆಪ್ಪುಗಟ್ಟಿ ಮುರಿಯುವುದೂ ಉಂಟು.

ಇಷ್ಟು ಸೀಸನ್ ಬರಿಗೈಲಿ ಬಂದು ಈ ಸಲ ಸಿಕ್ಕಿದ್ದಕ್ಕೆ ‘ಅದೃಷ್ಟ’ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಈ ಸಲ ನೀನು ಕೂತ ಜಾಗ ಸರಿಯಿತ್ತು, ಕೂಗಿದ್ದು ಕಡಿಮೆ. ಹೊಸಬರು ಹೇಂಟೆಯಂತೆ ಕೂಗು ಕಲಿಯುವುದಕ್ಕೆ ವರ್ಷಗಟ್ಟಲೆ ಹೆಣಗುತ್ತಾರೆ, ಜಾಗ ನೋಡಲು ಒಂದು ಬೆಳಿಗ್ಗೆಯನ್ನೂ ಕೊಡುವುದಿಲ್ಲ. ಹಕ್ಕಿ ಹೇಗಿದ್ದರೂ ಹೋಗಬೇಕೆಂದಿದ್ದ ದಾರಿಯಲ್ಲಿ ಕೂತರೆ ಕೆಟ್ಟ ಕೂಗಿಗೂ ಬರುತ್ತದೆ. ಅದಕ್ಕೆ ಬೇಡದ ಕಡೆ ಕೂತರೆ ಚಾಂಪಿಯನ್ ಕೂಗಿದರೂ ಬರುವುದಿಲ್ಲ.

ಕಾರಣ ಇಷ್ಟೆ. ಹುಂಜ ಕೂಗುವುದು, ಹೇಂಟೆ ಅದರ ಹತ್ತಿರ ಹೋಗುವುದು, ಇದು ಅವುಗಳ ಪದ್ಧತಿ. ನಾವು ಹೇಂಟೆಯ ದನಿ ತೆಗೆದು, ಹುಂಜವೇ ನಡೆದು ಬರಲಿ ಅಂತ ಕೂರುತ್ತೇವೆ. ಅದರ ಸ್ವಭಾವಕ್ಕೆ ಇದು ಉಲ್ಟಾ. ಮರದ ಮೇಲಿಂದಲೇ ಅದು ನಿನ್ನ ಕೂಗಿಗೆ ಹತ್ತು ಸಲ ಉತ್ತರ ಕೊಟ್ಟು, ಇಳಿದ ಮೇಲೆ ಆ ಕಡೆ ಹೊರಟುಹೋಗುತ್ತಿತ್ತಲ್ಲ, ಅಲ್ಲಿ ನಿಜವಾದ ಹೇಂಟೆಗಳಿದ್ದವು ಅಂತಲೇ ತಿಳಿ. ಹೊತ್ತು ಏರಿದ ಮೇಲೆ ಹೇಂಟೆಗಳು ಒಂದೊಂದಾಗಿ ಗೂಡಿನ ಕಡೆ ಜಾರುತ್ತವೆ. ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಆಮೇಲೆ ಸುಮಾರು 28 ದಿನ ಕಾವು ಕೂರುತ್ತವೆ. ಹಾಗಾಗಿ ಬೆಳಿಗ್ಗೆ ಒಂಬತ್ತರ ನಂತರ ಹುಂಜ ಒಂಟಿಯಾಗುತ್ತದೆ. ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯದಲ್ಲಿ ಎಂಟೂವರೆಗೆಲ್ಲ ಕಾರುಗಳು ಖಾಲಿಯಾಗುತ್ತವೆ. ಸಾರ್ವಜನಿಕ ಜಾಗದಲ್ಲಿ ಮಧ್ಯಾಹ್ನ ಒಂದರವರೆಗೂ ಬೇಟೆಗೆ ಅವಕಾಶವಿದೆ. ಆ ಕೊನೆಯ ಮೂರು ನಾಲ್ಕು ತಾಸು ಎಲ್ಲರೂ ಬಿಟ್ಟುಹೋಗುವ ಒಳ್ಳೆಯ ಹೊತ್ತು. ನಿನಗೆ ಸಿಕ್ಕಿದ್ದೂ ಅದೇ ಹೊತ್ತಿನಲ್ಲಿ.

ಜಾಗದ ಲೆಕ್ಕ ಮುಂದಿನ ಸಲಕ್ಕೂ ಇದೇ. ಹಿಂದಿನ ಸಂಜೆ ಕತ್ತಲಾಗುವಾಗ ನೀನು ಗೂಬೆಯಂತೆ ಕೂಗಿದ್ದಕ್ಕೆ ಯಾವ ಮರದಿಂದ ಹುಂಜದ ಉತ್ತರ ಬಂತು ಅಂತ ಗುರುತಿಟ್ಟುಕೊಂಡು, ಮುಂಜಾನೆ ಅಲ್ಲಿಂದ ನೂರರಿಂದ ನೂರೈವತ್ತು ಗಜ ದೂರದಲ್ಲಿ ಕೂರು. ಏಪ್ರಿಲ್ ಕೊನೆಯಲ್ಲಿ ಓಕ್ ಮರಗಳು ಚಿಗುರಿದ ಮೇಲೆ ಇನ್ನೂ ಸ್ವಲ್ಪ ಹತ್ತಿರ ಹೋಗಬಹುದು. ಅದಕ್ಕಿಂತ ಮೊದಲು ಹೋದರೆ ಬೋಳು ಮರದ ಮೇಲಿಂದ ಅದು ನಿನ್ನನ್ನು ಕಂಡೇಬಿಡುತ್ತದೆ, ಇಳಿಯುವುದು ಬೇರೆ ಕಡೆಗೆ. ಹುಂಜ ಇರುವ ಮಟ್ಟದಲ್ಲೋ ಅದಕ್ಕಿಂತ ಮೇಲೋ ಕೂರಬೇಕು. ಇಳಿಜಾರಿನ ಕೆಳಗೆ ಕೂತು ಕರೆದರೆ ಬರಲು ಬಹಳ ಸತಾಯಿಸುತ್ತದೆ. ನಡುವೆ ಹಳ್ಳ, ತಂತಿಬೇಲಿ, ದಟ್ಟ ಪೊದೆ ಇರಬಾರದು. ಹಾರಿ ದಾಟಬಲ್ಲ ಹಕ್ಕಿ ಹಳ್ಳದ ಅಂಚಿನಲ್ಲಿ ಗಂಟೆಗಟ್ಟಲೆ ಕೂಗುತ್ತ ನಿಲ್ಲುತ್ತದೆ, ದಾಟುವುದಿಲ್ಲ. ಮರ ಸಾಗಿಸುವ ಹಳೆಯ ದಾರಿಯ ತಿರುವು, ಗುಡ್ಡದ ನೆತ್ತಿಯ ಸಣ್ಣ ಉಬ್ಬು, ಇವು ಒಳ್ಳೆಯ ಜಾಗ. ಯಾಕೆಂದರೆ ಕರೆದ ಹೇಂಟೆ ಎಲ್ಲಿದೆ ಅಂತ ಅದು ಇಣುಕಿ ನೋಡುವ ಹೊತ್ತಿಗೆ ಮೂವತ್ತೈದು ಗಜದೊಳಗೆ ಬಂದಿರಬೇಕು. ಬಯಲಿನ ತುದಿಯಲ್ಲಿ ಕೂತರೆ ಎಂಬತ್ತು ಗಜ ದೂರದಲ್ಲೇ ನಿಂತು, ಹೇಂಟೆ ಕಾಣಿಸಲಿಲ್ಲವೆಂದು ತಿರುಗಿ ನಡೆದುಬಿಡುತ್ತದೆ.

ಸಂಜೆ ಕೂಗು ಕೇಳದಿದ್ದರೆ ನೆಲ ನೋಡು. ಹುಂಜದ ಹಿಕ್ಕೆ ಉದ್ದಕ್ಕಿದ್ದು ತುದಿಯಲ್ಲಿ ಕೊಕ್ಕೆಯಾಗಿ ಬಾಗಿರುತ್ತದೆ, ಹೇಂಟೆಯದು ಸುರುಳಿ ಮುದ್ದೆ. ಉದುರಿದ ಎದೆಗರಿಯ ತುದಿ ಕಪ್ಪಾಗಿದ್ದರೆ ಹುಂಜ, ಕಂದಾಗಿದ್ದರೆ ಹೇಂಟೆ. ಧೂಳಿನ ದಾರಿಯಲ್ಲಿ ಹೆಜ್ಜೆಗಳ ಎರಡೂ ಬದಿಗೆ ಗೀರು ಎಳೆದಂತಿದ್ದರೆ ಅದು ಹುಂಜ ಗರಿ ಉಬ್ಬಿಸಿ, ಬಾಲ ಬಿಚ್ಚಿ ಬೀಗಿ ನಡೆಯುವಾಗ ರೆಕ್ಕೆಯ ತುದಿ ಉಜ್ಜಿದ ಗುರುತು. ಅಂಥ ಜಾಗ ಸಿಕ್ಕರೆ ಹತ್ತು ಗಂಟೆಗೆ ಅಲ್ಲೇ ಹೋಗಿ ಕೂತುಬಿಡು.

ಕೂಗಿನ ವಿಷಯ. ಬೆಳಕು ಹರಿಯುವ ಮುನ್ನ ಮರದ ಮೇಲಿನ ಹೇಂಟೆಯಂತೆ ಮೂರೋ ನಾಲ್ಕೋ ಮೆತ್ತನೆಯ ದನಿ ಸಾಕು. ಉತ್ತರ ಬಂದರೆ ಬಾಯಿ ಮುಚ್ಚು. ಮತ್ತೆ ಮತ್ತೆ ಕೂಗಿದರೆ ‘ಹೇಂಟೆ ತಾನೇ ಬರುತ್ತಿದೆ’ ಅಂತ ಅದು ಮರದ ಮೇಲೇ ಕಾಯುತ್ತ ಕೂರುತ್ತದೆ. ಸ್ಲೇಟಿನ ಕಾಲ್ (ಕಡ್ಡಿಯಿಂದ ಉಜ್ಜಿ ಹೇಂಟೆಯ ದನಿ ಹೊರಡಿಸುವ ಬಿಲ್ಲೆ) ಬಳಸುವಾಗ ಮೇಲ್ಮೈಗೆ ಬೆರಳು ತಾಗಿಸಬೇಡ, ಕೈಯ ಜಿಡ್ಡು ಅಂಟಿದರೆ ಕಡ್ಡಿ ಜಾರುತ್ತದೆ, ದನಿ ಹೊರಡುವುದಿಲ್ಲ. ನಯವಾದ ಉಜ್ಜುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿ, ಆ ಗೀರುಗಳಿಗೆ ಅಡ್ಡಲಾಗಿ ಕಡ್ಡಿಯನ್ನು ಸ್ವಲ್ಪ ಓರೆ ಹಿಡಿದು, ಬಿಲ್ಲೆಯ ಅಂಚಿನ ಹತ್ತಿರ ಸಣ್ಣ ಸುತ್ತು ಎಳೆ. ಕಡ್ಡಿ ಮೇಲೇಳಬಾರದು. ಮಳೆ ಹನಿದರೆ ಸ್ಲೇಟು ಸತ್ತಂತೆಯೇ. ಗಾಜಿನದು ಅಥವಾ ಅಲ್ಯೂಮಿನಿಯಂನದು ಒಂದು ಜೇಬಿನಲ್ಲಿರಲಿ. ಮುಚ್ಚಳ ಉಜ್ಜಿ ದನಿ ತೆಗೆಯುವ ಪೆಟ್ಟಿಗೆ ಕಾಲ್‌ಗೆ ಮೇಣವಿಲ್ಲದ ಚಾಕ್ ಮಾತ್ರ ಹಚ್ಚು. ರೆಕಾರ್ಡ್ ಮಾಡಿದ ಕೂಗು ಹಾಕುವುದು ಮಿಸೌರಿಯಲ್ಲಿ ಕಾನೂನುಬಾಹಿರ, ಕಾಳು ಚೆಲ್ಲಿ ಕರೆಯುವುದೂ ಅಷ್ಟೆ. ಚೆಲ್ಲಿದ್ದನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಆ ಜಾಗದಲ್ಲಿ ಬೇಟೆ ಆಡುವಂತಿಲ್ಲ.

ಹೋದ ವರ್ಷಗಳಲ್ಲಿ ಕೈತಪ್ಪಿದ್ದರಲ್ಲಿ ಹೆಚ್ಚಿನವು ಕೂಗು ನಿಂತ ಮೇಲೆ ತಪ್ಪಿದವು ಅಂತ ನನ್ನ ಅಂದಾಜು. ಕೂಗುತ್ತಿದ್ದ ಹುಂಜ ಸುಮ್ಮನಾಯಿತು ಅಂದರೆ ಹೇಂಟೆ ಸಿಕ್ಕಿ ಹೊರಟಿರಬಹುದು, ಅಥವಾ ಸದ್ದಿಲ್ಲದೆ ನಿನ್ನ ಕಡೆಯೇ ನಡೆದು ಬರುತ್ತಿರಬಹುದು. ಯಾವುದು ಅಂತ ಕೂತಲ್ಲಿಂದ ತಿಳಿಯುವುದಿಲ್ಲ. ಹಾಗಾಗಿ ಗಡಿಯಾರ ನೋಡಿ ಮುಕ್ಕಾಲು ಗಂಟೆ ಕೂರು. ಬೇಸರ ಬಂದು ಎದ್ದವರಿಗೆ ಬೆನ್ನ ಹಿಂದಿನಿಂದ ‘ಪಟ್’ ಅನ್ನುವ ಎಚ್ಚರಿಕೆಯ ಸದ್ದು ಕೇಳಿಸುತ್ತದೆ, ಆಮೇಲೆ ರೆಕ್ಕೆ ಬಡಿತ. ಅದಕ್ಕೆ ವಾಸನೆಯ ಹಂಗಿಲ್ಲ, ಕಣ್ಣೊಂದೇ ಸಾಕು. ತಲೆ ತುಸು ತಿರುಗಿಸಿದರೆ ಸುತ್ತಲೂ ಕಾಣುತ್ತದೆ. ಎಡಭುಜ ಅದು ಬರುವ ದಿಕ್ಕಿಗಿರಲಿ, ಕೋವಿ ಮೊದಲೇ ಎಡ ಮೊಣಕಾಲ ಮೇಲೆ ಕೂತಿರಲಿ. ಬಲಗೈಯವರಿಗೆ ಹೀಗೆ ಕೂತರೆ ಎರಡೂ ಕಡೆ ಹೊರಳಲು ಜಾಗ ಇರುತ್ತದೆ. ಮರದ ಕಾಂಡದ ಹಿಂದೆ ಅದರ ತಲೆ ಮರೆಯಾದಾಗ ಅಥವಾ ಬೀಗುತ್ತ ಬೆನ್ನು ತಿರುಗಿಸಿ ಬಾಲದ ಚಾಮರವೇ ಅದರ ಕಣ್ಣಿಗೆ ಅಡ್ಡವಾದಾಗ ಮಾತ್ರ ಅಲುಗಾಡಬೇಕು.

ಬೀಗುತ್ತಿರುವಾಗ ಹೊಡೆಯಬಾರದು ಅಂತ ಯಾಕೆ ಹೇಳುತ್ತೇನೆ ಗೊತ್ತಲ್ಲ. ಆಗ ಕತ್ತು ಮಡಿಚಿ ಗರಿಯೊಳಗೆ ಇಳಿದಿರುತ್ತದೆ, ಚರೆ ಎದೆಗೆ ಬೀಳುತ್ತದೆ. ಮಾಂಸ ಹಾಳು, ಹಕ್ಕಿಯೂ ಗಾಯಗೊಂಡು ಓಡುತ್ತದೆ. ಬಾಯಿಂದ ಒಂದು ‘ಕ್ಲಕ್’ ಮಾಡಿದರೆ ಗರಿ ಮುದುಡಿ ಕತ್ತು ನೆಟ್ಟಗಾಗುತ್ತದೆ. ಗರಿ ಮುಗಿದು ಬೋಳು ಚರ್ಮ ಶುರುವಾಗುವ ಗೆರೆಗೆ ಗುರಿ. ಕೆನ್ನೆ ಕೋವಿಯ ಹಿಡಿಗೆ ಒತ್ತಿಯೇ ಇರಬೇಕು. ಹಕ್ಕಿ ನೋಡುವ ಆತುರದಲ್ಲಿ ತಲೆ ಎತ್ತಿದರೆ ಈಡು ತಲೆಯ ಮೇಲಿಂದ ಹಾರುತ್ತದೆ. ತಪ್ಪಿದ ಗುರಿಗಳ ಸಾಮಾನ್ಯ ಕಾರಣ ಇದು, ಕೋವಿಯನ್ನು ಬೈದು ಪ್ರಯೋಜನವಿಲ್ಲ.

ನಿನ್ನ 20 ಗೇಜ್ ಕೋವಿ ಸಾಕು, ಅದಕ್ಕಿಂತ ಅಗಲ ನಳಿಗೆಯ 12 ಗೇಜ್‌ಗೆ ಬದಲಾಯಿಸಬೇಡ. ಮೂರಿಂಚಿನ ತೋಟೆ, ಒಂದೂವರೆ ಔನ್ಸ್ ಟಂಗ್‌ಸ್ಟನ್ ಚರೆ, ನಂಬರ್ 9 (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣದು). ಸೀಸಕ್ಕಿಂತ ಒಂದೂವರೆ ಪಟ್ಟು ಸಾಂದ್ರವಾದ್ದರಿಂದ ಅಷ್ಟು ಸಣ್ಣ ಚರೆಯೂ ಆಳಕ್ಕೆ ಹೋಗುತ್ತದೆ. ನಂಬರ್ 4ಕ್ಕಿಂತ ದಪ್ಪ ಚರೆಗೆ ಮಿಸೌರಿಯಲ್ಲಿ ಅನುಮತಿಯಿಲ್ಲ, ಕೋವಿಯಲ್ಲಿ ಒಟ್ಟು ಮೂರು ತೋಟೆಗಿಂತ ಹೆಚ್ಚು ಹಿಡಿಸಬಾರದು. ತೋಟೆಯ ಬ್ರ್ಯಾಂಡ್ ಅಥವಾ ಚೋಕ್ (ನಳಿಗೆಯ ಬಾಯಿ ಕಿರಿದಾಗಿಸುವ ಕೊಳವೆ) ಬದಲಾಯಿಸಿದಾಗಲೆಲ್ಲ ನಲವತ್ತು ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ಚರೆ ದಟ್ಟವಾಗಿ ಬಿದ್ದ ಕಡೆ ಹತ್ತಿಂಚು ಅಗಲದ ವೃತ್ತ ಎಳೆದು ಎಣಿಸು. ನೂರು ಚರೆ ಬೀಳದಿದ್ದರೆ ನಿನ್ನ ದೂರ ಮೂವತ್ತು ಗಜಕ್ಕೆ ಇಳಿಸಿಕೋ. ಹದಿನೈದು ಗಜದಲ್ಲೂ ಒಂದು ಕಾಗದ ಹೊಡೆದು ನೋಡು. ಚರೆಯೆಲ್ಲ ಒಂದು ಮುಷ್ಟಿಯಗಲಕ್ಕೆ ಬಿದ್ದಿರುತ್ತದೆ. ಹತ್ತಿರದ ಹಕ್ಕಿ ತಪ್ಪುವುದು ಸುಲಭ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ.

ಒಂದು ಮಾತಿಗೆ ಮಾತ್ರ ನಾನು ಗದರಿಸುವವಳೇ. ಫೋಟೋದಲ್ಲಿ ನಿನ್ನ ಕುತ್ತಿಗೆಗೆ ಕೆಂಪು ಬಟ್ಟೆ ಇದೆ. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣ ಮೈಮೇಲೆ, ಜೇಬಿನ ಕರವಸ್ತ್ರದಲ್ಲೂ ಬೇಡ. ಬೆನ್ನಿಗೆ ಭುಜಕ್ಕಿಂತ ಅಗಲವಾದ ಮರ ಇರಲಿ. ಬೇರೆ ಬೇಟೆಗಾರ ಕಂಡರೆ ಕೈ ಬೀಸಬೇಡ, ಕೂತಲ್ಲೇ ಇದ್ದು ಗಟ್ಟಿಯಾಗಿ ಮಾತಾಡು. ಎಲ್ಲೋ ಹುಂಜದ ಕೂಗು ಕೇಳಿತೆಂದು ತೆವಳಿಕೊಂಡು ಹೋಗಬೇಡ, ಅಲ್ಲಿ ಕೂಗುತ್ತಿರುವುದು ಮನುಷ್ಯನೂ ಇರಬಹುದು. ಹಕ್ಕಿಯನ್ನು ಹೊತ್ತು ತರುವಾಗ ಕಿತ್ತಳೆ ಬಣ್ಣದ ಬಟ್ಟೆ ಸುತ್ತಲೇಬೇಕು.

ಈಗ ಫ್ರಿಜ್ಜಿನಲ್ಲಿರುವುದರ ಕತೆ. ರಾತ್ರಿ ಹತ್ತರೊಳಗೆ ಟೆಲಿಚೆಕ್ ಮಾಡಿ, ಅಂದರೆ ಹಕ್ಕಿ ಸಿಕ್ಕಿದ್ದನ್ನು ಇಲಾಖೆಗೆ ತಿಳಿಸಿಯೇ ಪುಕ್ಕ ತೆಗೆದೆಯಲ್ಲ, ಸರಿ. ಎದೆಯ ಮುಂಭಾಗದಲ್ಲಿ ಚರ್ಮದಡಿ ಹಳದಿ ಬಣ್ಣದ, ಅಂಟಂಟಾದ ಕೊಬ್ಬಿನ ಮೆತ್ತೆ ಇರುತ್ತದೆ. ವಸಂತದಲ್ಲಿ ಹುಂಜ ಮೇವು ಮರೆತು ಹೇಂಟೆ ಹಿಂದೆ ಅಲೆಯುವಾಗ ಅದನ್ನೇ ಕರಗಿಸಿಕೊಂಡು ಬದುಕುತ್ತದೆ. ಅದನ್ನು ಪೂರ್ತಿ ಕತ್ತರಿಸಿ ಎಸೆ, ಬಿಟ್ಟರೆ ಸಾರಿಗೆಲ್ಲ ಹಳಸಿದ ಎಣ್ಣೆಯ ವಾಸನೆ. ಆಮೇಲೆ ತುಂಡುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಚರೆ ಹುಡುಕು. ಗರಿ ಮಾಂಸದೊಳಗೆ ಎಳೆದುಕೊಂಡು ಹೋದ ಕಪ್ಪು ಗೆರೆ ಕಂಡರೆ ಅದರ ತುದಿಯಲ್ಲಿ ಚರೆ ಇದ್ದೇ ಇರುತ್ತದೆ. ಸೀಸವಾದರೆ ಹಲ್ಲಿಗೆ ಸಿಕ್ಕಿ ಚಪ್ಪಟೆಯಾಗುತ್ತದೆ, ಟಂಗ್‌ಸ್ಟನ್ ಹಲ್ಲನ್ನೇ ಮುರಿಯುತ್ತದೆ.

ಎದೆ ಮಾಂಸಕ್ಕೆ ಲೀಟರ್ ನೀರಿಗೆ 60 ಗ್ರಾಂ ಉಪ್ಪು ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸು. ಬೆಳಿಗ್ಗೆ ಒರೆಸಿ, ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ದು, ಮೆಣಸು ಶುಂಠಿ ಹಚ್ಚಿ ತುಪ್ಪದಲ್ಲಿ ಹುರಿ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಇಳಿಸು. ಅಂಗಡಿ ಟರ್ಕಿಯ ಕೊಬ್ಬು ಇದಕ್ಕಿಲ್ಲ, ಎರಡು ನಿಮಿಷ ಹೆಚ್ಚಾದರೂ ನಾರಾಗುತ್ತದೆ. ಕಾಲು, ತೊಡೆಯನ್ನು ಯಾರೂ ಎಸೆಯಬಾರದು, ಇಲ್ಲಿ ಎಷ್ಟೋ ಜನ ಎಸೆಯುತ್ತಾರೆ. ಮೂರು ವರ್ಷ ಗುಡ್ಡ ಹತ್ತಿದ ಕಾಲು ಅದು, ಕುಕ್ಕರಿನಲ್ಲಿ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು. ಬೆಂದ ಮೇಲೆ ಮಾಂಸ ಬಿಡಿಸಿ, ಕಡ್ಡಿಯಂಥ ಗಟ್ಟಿ ನರಗಳನ್ನು ಎಳೆದು ತೆಗೆದು, ಆ ನೀರಿಗೇ ಹುರಿದ ಕೊತ್ತಂಬರಿ ಬೀಜ, ಮೆಣಸು, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ ಹಾಕಿದರೆ ನಾಟಿಕೋಳಿ ಸಾರಿನ ದಾರಿಯೇ. ಕೊಡಗಿನಿಂದ ತಂದ ಕಾಚಂಪುಳಿ ಉಳಿದಿದ್ದರೆ ಕೊನೆಗೆ ಅರ್ಧ ಚಮಚ.

ಊರಿನವರಿಗೆ ಫೋಟೋ ಕಳಿಸಿದ್ದೀಯ, ದೊಡ್ಡಪ್ಪ ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಾಡಿನ ಬೇಟೆಗೆ ಬಾಗಿಲು ಮುಚ್ಚಿದೆ. ಅದು ಅಲ್ಲಿಗೆ ಸರಿ, ಆ ಬಗ್ಗೆ ವಾದ ಮಾಡಬೇಡ. ಇಲ್ಲಿಯ ಲೆಕ್ಕ ಬೇರೆ ಅಂತಷ್ಟೇ ಹೇಳು. ಮಿಸೌರಿಯಲ್ಲೂ ಈ ಹಕ್ಕಿ ಹೆಚ್ಚುಕಡಿಮೆ ಅಳಿದೇಹೋಗಿತ್ತು. ಸಾಕಿದ ಟರ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಬದುಕಲಿಲ್ಲ. ಆಮೇಲೆ ಕಾಡಿನವನ್ನೇ ಬಲೆ ಹಾರಿಸಿ ಹಿಡಿದು ಖಾಲಿಯಾದ ಕಾಡುಗಳಿಗೆ ಸಾಗಿಸಿದರು. 1960ರಲ್ಲಿ ಮೊದಲ ವಸಂತ ಸೀಸನ್ ತೆರೆದಾಗ ಕೊಟ್ಟಿದ್ದು ಮೂರೇ ದಿನ. ನೀನು ಕೊಂಡ ಪ್ರತಿ ತೋಟೆಯ ಮೇಲೆ ಶೇಕಡಾ 11 ತೆರಿಗೆ 1937ರ ಕಾಯ್ದೆಯಂತೆ ವನ್ಯಜೀವಿಗಳ ಕೆಲಸಕ್ಕೆ ಹೋಗುತ್ತದೆ. ಕಾವು ಕೂತ ಹೇಂಟೆಗಳನ್ನು ಮುಟ್ಟದೆ ಗಡ್ಡವಿರುವುದನ್ನಷ್ಟೇ ಹೊಡೆಯುವ ನಿಯಮವೂ ಅದಕ್ಕೇ. ದೊಡ್ಡಪ್ಪನಿಗೆ ಇದಕ್ಕಿಂತ ಸಾರಿನ ಫೋಟೋ ಕಳಿಸಿದರೆ ಬೇಗ ಸಮಾಧಾನ ಆದೀತು.

ನಿನ್ನ ಪರ್ಮಿಟ್ಟಿನಲ್ಲಿ ಇನ್ನೊಂದು ಹುಂಜ ಬಾಕಿಯಿದೆ, ಆದರೆ ಮೊದಲ ಏಳು ದಿನಕ್ಕೆ ಒಂದೇ. ಮುಂದಿನ ಸೋಮವಾರದ ತನಕ ಕೋವಿ ಒರೆಸಿ ಇಡು. ಅಷ್ಟರಲ್ಲಿ ಇನ್ನಷ್ಟು ಹೇಂಟೆಗಳು ಕಾವಿಗೆ ಕೂತಿರುತ್ತವೆ, ಹುಂಜಗಳು ಹತ್ತು ಗಂಟೆಗೆಲ್ಲ ಒಂಟಿ. ಅದೇ ಗುಡ್ಡಕ್ಕೆ ಹೋಗಬೇಡ, ಈಡಿನ ಸದ್ದು ಕೇಳಿದ ಹಕ್ಕಿಗಳು ಅಲ್ಲಿ ಕೆಲವು ದಿನ ಬಾಯಿ ಬಿಡುವುದಿಲ್ಲ. ಹಳ್ಳದ ಆಚೆ ಕಡೆಯ, ಮರ ಸಾಗಿಸುವ ಹಳೆ ದಾರಿಯಲ್ಲಿ ರೆಕ್ಕೆಯ ಗೀರು ಇದೆಯಾ ಅಂತ ಭಾನುವಾರ ಮಧ್ಯಾಹ್ನ ಕೋವಿಯಿಲ್ಲದೆ ಹೋಗಿ ನೋಡಿ ಬಾ.

ನಿನ್ನ
ಅಮ್ಮ