ಅರ್ಧಕ್ಕೆ ನಿಂತ ಡಿಗ್ರಿ ಮುಗಿಸೋಕೆ ದಾರಿ ಇದೆ

ಸಂಪಾದಕರೇ,

ಕಾಲೇಜ್ ಅರ್ಧಕ್ಕೆ ಬಿಟ್ಟೋರು ಮತ್ತೆ ಮೊದಲ್ನಿಂದ ಶುರು ಮಾಡ್ಬೇಕು ಅಂದ್ಕೊಂಡು ಸುಮ್ನಾಗಿಬಿಡ್ತಾರೆ, ಆದ್ರೆ ಅಮೆರಿಕದ ಜನರಲ್ ಸ್ಟಡೀಸ್ ಡಿಗ್ರಿ, ಅಂದ್ರೆ ಬೇರೆಬೇರೆ ವಿಷಯ ಸೇರಿಸಿ ಮುಗಿಸೋ ಡಿಗ್ರಿ, ಇರೋದೇ ಇಂಥವ್ರಿಗೆ. ಅಲ್ಲಿ ಬ್ಯಾಚುಲರ್ಸ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ (ಪಾಸಾದ ಪ್ರತಿ ಕೋರ್ಸ್‌ಗೂ ಸಿಗೋ ಲೆಕ್ಕ) ಬೇಕು, ಮೇಜರ್, ಅಂದ್ರೆ ಮುಖ್ಯ ವಿಷಯ, ಚೇಂಜ್ ಮಾಡಿದ್ರೆ ಹಿಂದೆ ಓದಿದ ಅಕೌಂಟಿಂಗೋ ಬಯಾಲಜಿಯೋ ಎಷ್ಟೋ ಸಲ ಲೆಕ್ಕಕ್ಕೇ ಬರಲ್ಲ, ಜನರಲ್ ಸ್ಟಡೀಸಲ್ಲಿ ಒಂದೇ ಮೇಜರ್ ಅನ್ನೋ ಕಟ್ಟುಪಾಡು ಇಲ್ದೇ ಇರೋದ್ರಿಂದ ಅಂಥವೂ ಎಲೆಕ್ಟಿವ್ (ಐಚ್ಛಿಕ ವಿಷಯ) ಆಗಿ ಸೇರ್ಕೊಳ್ತವೆ, ಕ್ಲಾಸಿಗೆ ಹೋಗ್ದೇ ಗೊತ್ತಿರೋದನ್ನ ತೋರಿಸೋ ಕ್ಲೆಪ್ (CLEP) ಪರೀಕ್ಷೆ ಬರೆದೂ ಎಷ್ಟೋ ಕಡೆ ಕ್ರೆಡಿಟ್ ತಗೋಬಹುದು, ಆನ್‌ಲೈನ್ ಕ್ಲಾಸ್ ಇದ್ರೆ ಕೆಲ್ಸನೂ ಬಿಡ್ಬೇಕಿಲ್ಲ.

ಹಾಗಂತ ಸಲೀಸಲ್ಲ. ಎಷ್ಟೇ ಕ್ರೆಡಿಟ್ ತಂದ್ರೂ ಒಂದಿಷ್ಟು (ಹೆಚ್ಚಾಗಿ 30ರ ಆಸುಪಾಸು) ಡಿಗ್ರಿ ಕೊಡೋ ಯೂನಿವರ್ಸಿಟಿಯಲ್ಲೇ ಓದ್ಬೇಕು, ಅದ್ರ ಮೇಲೆ ಅಪ್ಪರ್ ಡಿವಿಷನ್ ಬೇರೆ, ಅಂದ್ರೆ 3ನೇ 4ನೇ ವರ್ಷದ ಮಟ್ಟದ ಕೋರ್ಸ್‌ಗಳು, ಲೆಕ್ಕ ತಪ್ಪೋದೇ ಅಲ್ಲಿ. ನರ್ಸಿಂಗು ಇಂಜಿನಿಯರಿಂಗು ಲೈಸೆನ್ಸ್ ಬೇಕು ಅನ್ನೋರಿಗೆ ಇದು ಆಗಿಬರಲ್ಲ. ಪ್ರಮೋಷನ್‌ಗೆ ಯಾವ್ದೋ ಒಂದು ಡಿಗ್ರಿ ಇದ್ರೆ ಸಾಕು ಅನ್ನೋರಿಗೆ ಮಾತ್ರ ನನ್ ಪ್ರಕಾರ ಇದಕ್ಕಿಂತ ಒಳ್ಳೇದಿಲ್ಲ.

ಇನ್ನು ಯೂನಿವರ್ಸಿಟಿಗಳು ಫೀಸ್ ಕಟ್ಟಿಸ್ಕೊಳ್ಳೋ ಮುಂಚೆನೇ ಯಾವ ಕ್ರೆಡಿಟ್ ತಗೋತೀವಿ ಯಾವ್ದು ಇಲ್ಲ ಅಂತ ಬರೆದು ಕೊಡ್ಲಿ, ಸೇರ್ಕೊಳ್ಳಿ ಆಮೇಲೆ ನೋಡೋಣ ಅನ್ನೋ ಮಾತು ಬೇಡ.

– ಒಬ್ಬ ಓದುಗ